ಹನ್ನೆರಡು ಅಂಕಗಳ ಕನ್ನಡ

ಕರ್ನಾಟಕದ ಹೊರಗೆ ಓದಿದ ಕನ್ನಡಿಗರ ಮಕ್ಕಳು ಹೊರನಾಡು ಅಥವಾ ಗಡಿನಾಡು ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ಎಂಜಿನಿಯರಿಂಗ್ ಸೀಟಿಗೆ ಅರ್ಜಿ ಹಾಕಿದರೆ, ಸಾಮಾನ್ಯ ಪ್ರವೇಶ ಪರೀಕ್ಷೆಯ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯೊಂದನ್ನೂ ಬರೆಯಬೇಕು. ಅದು 50 ಅಂಕಗಳ ಪರೀಕ್ಷೆ. ಮಟ್ಟ ಪ್ರಾಥಮಿಕ ಶಾಲೆಯದು. 12 ಅಂಕ ಬಂದರೆ ಸಾಕು, ಮಗು ಕನ್ನಡಿಗನೆಂದು ಸಾಬೀತಾಗುತ್ತದೆ. ಅದೇ ಮಗು ಅದೇ ವಾರದಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗಳನ್ನು 80 ನಿಮಿಷಗಳಲ್ಲಿ ಎದುರಿಸಬೇಕು. ಅದಕ್ಕಾಗಿ ಎರಡು ವರ್ಷ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ, ಇಂಗ್ಲಿಷಿನಲ್ಲಿ ಹೆದರಿರುತ್ತದೆ. ಒಂದು ಕೈಯಲ್ಲಿ ಹದಿನೇಳು ವಯಸ್ಸಿನ ಬುದ್ಧಿಗೆ ತಕ್ಕ ಭೌತಶಾಸ್ತ್ರ, ಇನ್ನೊಂದು ಕೈಯಲ್ಲಿ ಒಂಬತ್ತು ವಯಸ್ಸಿನ ಕನ್ನಡ.

ಪರೀಕ್ಷೆ ನಡೆಸುವವರನ್ನು ಇಲ್ಲಿ ದೂರುತ್ತಿಲ್ಲ. ಹೊರನಾಡಿನ ಮಕ್ಕಳಿಗೆ ಬಾಗಿಲು ತೆರೆದಿಡಬೇಕೆಂಬ ಸದುದ್ದೇಶದಿಂದಲೇ ಅವರು ಮಟ್ಟವನ್ನು ಅಷ್ಟು ಕೆಳಗಿರಿಸಿದ್ದಾರೆ. ನಮ್ಮ ಜಗಳ ನಮ್ಮವರೊಡನೆ: ಆ 12 ಅಂಕಗಳನ್ನೇ ನಮ್ಮ ಮನೆಗಳ, ಸಂಘಗಳ, ಸಾಹಿತ್ಯ ಕೂಟಗಳ ಗುರಿಯಾಗಿ ಒಪ್ಪಿಕೊಂಡು ಕೂತ ಹೊರನಾಡ ಕನ್ನಡಿಗರೊಡನೆ. ಭಾನುವಾರದ ಕನ್ನಡ ತರಗತಿಯಲ್ಲಿ ಅ ಆ ಇ ಈ ಮುಗಿದು ಒತ್ತಕ್ಷರ ಬಂದರೆ ನಾವು ಧನ್ಯರು. ಮಗು ಹತ್ತನೆಯ ತರಗತಿ ದಾಟಿದೊಡನೆ ಆ ತರಗತಿಯಿಂದ ಅದನ್ನು ಬಿಡಿಸುತ್ತೇವೆ. 'ಈಗ ಪ್ಲಸ್ ಒನ್, ಫಿಸಿಕ್ಸ್ ಕಷ್ಟ' ಎಂಬುದು ಎಲ್ಲರೂ ತಲೆದೂಗುವ ಕಾರಣ. ಆ ಕಾರಣವೇ ತಲೆಕೆಳಗು ಎಂಬುದು ಈ ಬರಹದ ವಾದ. ಫಿಸಿಕ್ಸ್ ಕಷ್ಟವಾದುದರಿಂದಲೇ ಆ ಎರಡು ವರ್ಷ ಮಗುವಿಗೆ ಕನ್ನಡ ಹಿಂದೆಂದಿಗಿಂತ ಹೆಚ್ಚು ಬೇಕು.

ನಾವಿರುವ ಕಳಕ್ಕೂಟಂ ಈ ಮಾತಿಗೆ ಒಳ್ಳೆಯ ಸಾಕ್ಷಿ. ತಿರುವನಂತಪುರದ ಉತ್ತರದಂಚಿನ ಈ ಊರಿಗೆ ಕನ್ನಡಿಗರು ಬಂದದ್ದು ಹೆಚ್ಚಾಗಿ ಕೆಲಸದ ಬೆನ್ನು ಹತ್ತಿ. 1990ರಲ್ಲಿ ಆರಂಭವಾದ ಟೆಕ್ನೋಪಾರ್ಕ್ ಕೆಲವರನ್ನು ಕರೆತಂದಿತು, ಪಳ್ಳಿಪ್ಪುರದ ಸಿಆರ್‌ಪಿಎಫ್ ಶಿಬಿರ ಕೆಲವರನ್ನು, ಬಾಹ್ಯಾಕಾಶ ಕೇಂದ್ರ ಇನ್ನು ಕೆಲವರನ್ನು, ವರ್ಗಾವಣೆಯ ಆದೇಶ ನಮ್ಮಂಥವರನ್ನು. ಕಡಲ ಕಡೆಗೆ ಕೆಲವೇ ಕಿಲೋಮೀಟರು ಹೋದರೆ ತುಂಬಾ. (ನಮ್ಮ ತುಂಬೆ ಹೂವಿಗೆ ಮಲಯಾಳದಲ್ಲಿ ಇರುವುದೂ ಅದೇ ಹೆಸರು. ಇಷ್ಟು ವರ್ಷ ಇಲ್ಲಿದ್ದೂ ಇದನ್ನು ಗಮನಿಸದ ಕನ್ನಡಿಗರು ಹಲವರಿದ್ದಾರೆ.) 1963ರ ನವೆಂಬರ್ 21ರಂದು ಆ ಮೀನುಗಾರರ ಹಳ್ಳಿಯಿಂದ ನೈಕ್-ಅಪಾಚೆ ಎಂಬ ರಾಕೆಟ್ಟು ಮೇಲೇರಿತು, ಭಾರತದ ನೆಲದ ಬಾಹ್ಯಾಕಾಶ ಪ್ರಯೋಗಗಳಿಗೆ ಅದೇ ಮೊದಲು. ಮೇರಿ ಮಗ್ದಲೀನಳ ಇಗರ್ಜಿ ಆಗ ಕಚೇರಿಯಾಗಿತ್ತು, ಈಗ ವಸ್ತುಸಂಗ್ರಹಾಲಯವಾಗಿದೆ. ಹೊರನಾಡಿನಿಂದ ನೆಂಟರು ಬಂದರೆ ನಾವು ತಪ್ಪದೆ ಕರೆದೊಯ್ಯುವ ಜಾಗವದು. ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತೇವೆ. ರಾಕೆಟ್ಟಿಗೆ ಇದೇ ಊರು ಏಕೆ ಬೇಕಾಯಿತೆಂದು ಮಕ್ಕಳಿಗೆ ಹೇಳುವವರು ಎಷ್ಟು ಮಂದಿ?

ಕಾರಣ ಭೂಮಿಯ ಕಾಂತತ್ವದಲ್ಲಿದೆ. ಕಾಂತಸೂಜಿಯೊಂದನ್ನು ಮಧ್ಯಕ್ಕೆ ಸರಿಯಾಗಿ ದಾರ ಕಟ್ಟಿ ತೂಗಬಿಟ್ಟರೆ ಅದು ಉತ್ತರ ದಕ್ಷಿಣಕ್ಕೆ ತಿರುಗುವುದಷ್ಟೇ ಅಲ್ಲ, ಒಂದು ತುದಿ ನೆಲದ ಕಡೆಗೆ ಬಾಗುತ್ತದೆ ಕೂಡ. ದೆಹಲಿಯಲ್ಲಿ ಉತ್ತರದ ತುದಿ ಬಹಳ ಬಾಗುತ್ತದೆ, ಬೆಂಗಳೂರಿನಲ್ಲಿ ತುಸು ಬಾಗುತ್ತದೆ. ಭೂಮಿಯನ್ನು ಬಳಸಿ ಹೋಗುವ ಒಂದು ರೇಖೆಯ ಮೇಲೆ ಮಾತ್ರ ಸೂಜಿ ಎತ್ತಲೂ ಬಾಗದೆ ನೆಲಕ್ಕೆ ಸಮಾನಾಂತರವಾಗಿ ನಿಲ್ಲುತ್ತದೆ. ಅದು ಕಾಂತೀಯ ಸಮಭಾಜಕ ವೃತ್ತ. ಅರುವತ್ತರ ದಶಕದಲ್ಲಿ ಆ ರೇಖೆ ತುಂಬಾದ ಸಮೀಪದಲ್ಲಿ ಹಾದುಹೋಗುತ್ತಿತ್ತು. ಅದರ ಮೇಲ್ಗಡೆ ಸುಮಾರು 100 ಕಿಲೋಮೀಟರು ಎತ್ತರದಲ್ಲಿ ಹಗಲು ಹೊತ್ತು ವಿದ್ಯುತ್ತಿನ ಹೊಳೆಯೊಂದು ಪೂರ್ವಾಭಿಮುಖವಾಗಿ ಹರಿಯುತ್ತದೆ. ಬಲೂನು ಅಷ್ಟು ಎತ್ತರಕ್ಕೆ ಏರಲಾರದು, ಉಪಗ್ರಹ ಅಷ್ಟು ತಗ್ಗಿನಲ್ಲಿ ಉಳಿಯಲಾರದು. ಆ ಹೊಳೆಯನ್ನು ಹೊಕ್ಕು ನೋಡಲು ರಾಕೆಟ್ಟೇ ಬೇಕು, ಅದನ್ನು ಹಾರಿಸಲು ಇಂಥ ಊರೇ ಬೇಕು. ಅದಕ್ಕೂ ನೂರು ವರ್ಷ ಮೊದಲು, 1837ರಲ್ಲಿ ಸ್ವಾತಿ ತಿರುನಾಳ್ ಮಹಾರಾಜರು ಸ್ಥಾಪಿಸಿದ ತಿರುವನಂತಪುರದ ವೀಕ್ಷಣಾಲಯದಲ್ಲಿ ಜಾನ್ ಅಲನ್ ಬ್ರೌನ್ ಎಂಬಾತ ಇದೇ ಸೂಜಿಯ ಅಲುಗಾಟವನ್ನು ವರ್ಷಗಟ್ಟಲೆ ಬರೆದಿಟ್ಟಿದ್ದ. ಅಗಸ್ತ್ಯಮಲೆಯ ಶಿಖರದ ಮೇಲೂ ಒಂದು ವೀಕ್ಷಣಾಲಯ ಕಟ್ಟಿಸಿದ್ದ.

ಮೇಲಿನ ಕಂಡಿಕೆಯಲ್ಲಿ ಹನ್ನೆರಡನೆಯ ತರಗತಿಯ ಭೌತಶಾಸ್ತ್ರಕ್ಕೆ ಮೀರಿದ್ದು ಹೆಚ್ಚೇನೂ ಇಲ್ಲ. ಆದರೆ ಇಂದಿನ ಹನ್ನೆರಡನೆಯ ತರಗತಿಯ ಮಗುವಿಗೆ ಅದು ಸಿಕ್ಕುವುದೂ ಇಲ್ಲ. 2022ರಲ್ಲಿ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಕತ್ತರಿ ಆಡಿಸಿದಾಗ, ಕಾಂತತ್ವದ ಅಧ್ಯಾಯದಿಂದ ಭೂಮಿಯ ಕಾಂತತ್ವದ ಭಾಗವೇ ಹೊರಬಿತ್ತು. ಚರಿತ್ರೆಯ ಪಾಠಗಳು ಹೋದಾಗ ದೇಶದ ಪತ್ರಿಕೆಗಳೆಲ್ಲ ಬರೆದವು, ಬರೆಯಲೇಬೇಕಾಗಿತ್ತು. ಸೂಜಿ ಹೋದದ್ದಕ್ಕೆ ಅತ್ತವರನ್ನು ನಾವು ಕಾಣೆವು. ತುಂಬಾದ ನೆರೆಯಲ್ಲೇ ಬೆಳೆದ ಮಗು, ತುಂಬಾ ಏಕೆ ತುಂಬಾ ಆಯಿತೆಂಬುದನ್ನು ತಿಳಿಯದೆ ಭೌತಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತೈದು ಪಡೆಯಬಹುದು. ಶಾಲೆ ಬಿಟ್ಟದ್ದನ್ನು ಮನೆ ಹೇಳಬೇಕು. ಮನೆಯ ಭಾಷೆ ಕನ್ನಡ. ಆದರೆ ಮನೆಯಲ್ಲಿ ಫಿಸಿಕ್ಸಿನ ಮಾತೇ ಇಲ್ಲ, ಇರುವುದು ಫಿಸಿಕ್ಸಿನ ಅಂಕಗಳ ಮಾತು.

ನಮ್ಮ ಕೂಟವೊಂದರಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಪ್ಲಸ್ ಒನ್ ಓದುವ ಹುಡುಗಿಯೊಬ್ಬಳನ್ನು, ಗಾಳಿಯೇ ಇಲ್ಲದೆಡೆ ರಾಕೆಟ್ಟು ಹೇಗೆ ಮುಂದೆ ಹೋಗುತ್ತದೆಂದು ಹಿರಿಯರೊಬ್ಬರು ಕೇಳಿದರು. ಅವಳು ನ್ಯೂಟನ್ನನ ಮೂರನೆಯ ನಿಯಮವನ್ನು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸಿದಳು. 'ಹಾಗಾದರೆ ಅದು ಏನನ್ನು ಒದೆಯುತ್ತದಮ್ಮಾ?' ಎಂದು ಅವರು ಕನ್ನಡದಲ್ಲಿ ಕೇಳಿದರು. ಹುಡುಗಿ ತುಸು ಯೋಚಿಸಿ, 'ಗಾಳಿಯನ್ನು' ಎಂದಳು. ಗಾಳಿಯಿಲ್ಲದೆಡೆ ಗಾಳಿಯನ್ನು ಒದೆಯುವುದು ಹೇಗೆಂದು ಅವಳಿಗೇ ಮರುಕ್ಷಣ ಹೊಳೆದು ನಕ್ಕಳು. ಆಮೇಲೆ ಹಿರಿಯರು ವೇಳಿ ಕಾಯಲಿನ ದೋಣಿಯ ಮಾತು ತೆಗೆದರು. ಕಟ್ಟಿಹಾಕದ ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದಕ್ಕೆ ಸರಿಯುತ್ತದೆ. ದೋಣಿಯಲ್ಲಿ ಒಂದು ರಾಶಿ ಕಲ್ಲು ಇಟ್ಟುಕೊಂಡು, ಒಂದೊಂದನ್ನೇ ಹಿಂದಕ್ಕೆ ಬಿಸಾಡುತ್ತ ಹೋದರೆ? ದೋಣಿ ಮುಂದೆ ಹೋಗುತ್ತದೆ ಎಂದಳು. 'ಆ ಕಲ್ಲನ್ನು ರಾಕೆಟ್ಟು ತನ್ನ ಹೊಟ್ಟೆಯಲ್ಲೇ ಹೊತ್ತಿರುತ್ತದೆ. ಇಂಧನ ಉರಿದು ಹೊಗೆಯಾಗಿ ಹೊರಬೀಳುವುದೇ ಆ ಕಲ್ಲು' ಎಂದರು ಹಿರಿಯರು. ಹತ್ತು ನಿಮಿಷದ ಮಾತು. ಅದರಲ್ಲಿ ಇಂಗ್ಲಿಷ್ ಪದಗಳು ನಾಲ್ಕೈದು ಇದ್ದವು, ಯಾರಿಗೂ ಅವು ತೊಡಕಾಗಲಿಲ್ಲ.

ಹುಡುಗಿ ದಡ್ಡಳಲ್ಲ, ಅವಳ ಅಧ್ಯಾಪಕರೂ ಕೆಟ್ಟವರಲ್ಲ. ಇಂಗ್ಲಿಷಿನಲ್ಲಿ ಅವಳ ಬಳಿ ವಾಕ್ಯವಿತ್ತು, ಪ್ರಶ್ನೆ ಇರಲಿಲ್ಲ. ಕನ್ನಡದಲ್ಲಿ ಕೇಳಿದಾಗ ಅವಳು ಒಪ್ಪಿಸುವುದನ್ನು ಬಿಟ್ಟು ಯೋಚಿಸಿದಳು. ಯೋಚಿಸಿದ್ದರಿಂದ ತಪ್ಪಿದಳು, ತಪ್ಪಿದ್ದರಿಂದ ಕಲಿತಳು. ಎಂಟ್ರೆನ್ಸ್ ತರಬೇತಿಯ ಲೋಕದಲ್ಲಿ ಈ ಮೂರು ಹೆಜ್ಜೆಗಳಿಗೂ ಎಡೆಯಿಲ್ಲ. ಅಲ್ಲಿ ತಪ್ಪಿಗೆ ಋಣಾಂಕ. ಕಳಕ್ಕೂಟದ ಹೆದ್ದಾರಿಯ ಬದಿಯ ಹಲಗೆಗಳಲ್ಲಿ ಕಳೆದ ವರ್ಷ ಗೆದ್ದ ಮಕ್ಕಳ ಮುಖಗಳು ಸಾಲಾಗಿ ನಗುತ್ತಿರುತ್ತವೆ. ಅವರಿಗೆ ಭೌತಶಾಸ್ತ್ರದಲ್ಲಿ ಏನು ಸೊಗಸೆನಿಸಿತೆಂದು ಯಾವ ಹಲಗೆಯೂ ಹೇಳುವುದಿಲ್ಲ. ಸಿಬಿಎಸ್‌ಇ ಪ್ರಾಯೋಗಿಕಕ್ಕೆ 30 ಅಂಕ ಇಟ್ಟಿದೆ. ಆ ಮೂವತ್ತರಲ್ಲಿ ಎಷ್ಟು ಪಾಲು ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಿಂದ ನಕಲಾಗುತ್ತದೆಂದು ಮಕ್ಕಳಿರುವ ಮನೆಗಳಿಗೆ ಹೇಳಬೇಕಾಗಿಲ್ಲ.

ಇಲ್ಲಿಗೆ ಬರುವ ಹೊತ್ತಿಗೆ ಓದುಗರಲ್ಲಿ ಕೆಲವರು, ಇದು ಇಂಗ್ಲಿಷ್ ದ್ವೇಷವೆಂದು ತೀರ್ಮಾನಿಸಿರಬಹುದು. ನಾವು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಹಗಲೆಲ್ಲ ಇಂಗ್ಲಿಷಿನಲ್ಲಿ ಕಡತದ ಟಿಪ್ಪಣಿ ಬರೆದು ಅನ್ನ ಉಣ್ಣುವವರು. ಆ ಭಾಷೆಯ ಮೇಲಿನ ಪ್ರೀತಿಯಿಂದಲೇ ಹೇಳುತ್ತೇವೆ: ಭೌತಶಾಸ್ತ್ರದ ಹೆಸರಿನಲ್ಲಿ ನಮ್ಮ ಮಕ್ಕಳು ಕಲಿಯುತ್ತಿರುವುದು ಇಂಗ್ಲಿಷ್ ಕೂಡ ಅಲ್ಲ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಿರಿ ಎಂದೂ ನಾವು ಹೇಳುತ್ತಿಲ್ಲ. ನೀಟ್ ಪರೀಕ್ಷೆಯನ್ನೂ ಜೆಇಇ ಮೇನ್ ಪರೀಕ್ಷೆಯನ್ನೂ ಇಂದು ಕನ್ನಡದಲ್ಲಿ ಬರೆಯಬಹುದು, ಅದು ಒಳ್ಳೆಯದೇ. ಕಳಕ್ಕೂಟದ ಮಗು ಅದನ್ನು ಆರಿಸಿಕೊಳ್ಳುವುದಿಲ್ಲ, ಆರಿಸಿಕೊಳ್ಳಬೇಕಾಗಿಯೂ ಇಲ್ಲ. ಉತ್ತರ ಯಾವ ಭಾಷೆಯದಾದರೂ ಆಗಲಿ, ಅನುಮಾನ ಮಗುವಿನ ಭಾಷೆಯಲ್ಲಿ ಹುಟ್ಟಲಿ ಎಂದಷ್ಟೇ ನಮ್ಮ ಬೇಡಿಕೆ.

'ಕನ್ನಡದ ಪಾರಿಭಾಷಿಕ ಪದಗಳು ಇಂಗ್ಲಿಷಿಗಿಂತ ಕಷ್ಟ' ಎಂಬ ಆಕ್ಷೇಪವನ್ನು ನಾವು ಕೇಳಿ ಕೇಳಿ ದಣಿದಿದ್ದೇವೆ. ವೇಗೋತ್ಕರ್ಷ, ಸಂವೇಗ, ವಿಭವಾಂತರ, ವಕ್ರೀಭವನ: ಒಪ್ಪುತ್ತೇವೆ, ನಾಲಗೆಗೆ ಭಾರವೇ. ಭಾರವಾದರೆ ಆಕ್ಸಿಲರೇಷನ್ ಎನ್ನಿ, ಯಾರು ಬೇಡವೆಂದರು? ಹೆಸರುಗಳು ಎರವಲು ಬರಬಹುದು, ವಾಕ್ಯ ಎರವಲಾಗಬಾರದು. 'ತಳ್ಳುವ ಬಲ ಹೆಚ್ಚಿದಷ್ಟೂ ವೇಗ ಬೇಗ ಏರುತ್ತದೆ, ಹೊರೆ ಹೆಚ್ಚಿದಷ್ಟೂ ನಿಧಾನವಾಗಿ ಏರುತ್ತದೆ' ಎಂದರೆ ನ್ಯೂಟನ್ನನ ಎರಡನೆಯ ನಿಯಮ ಮುಗಿಯಿತು. ಆ 'ಅಷ್ಟೂ' ಎಂಬ ಎರಡಕ್ಷರದೊಳಗೆ ಅನುಪಾತವೆಂಬ ಗಣಿತವೇ ಅಡಗಿದೆ, ಅದನ್ನು ನಮ್ಮ ಅಜ್ಜಿಯರು ದೋಸೆಹಿಟ್ಟಿಗೆ ನೀರು ಬೆರೆಸುವಾಗಲೂ ಬಳಸುತ್ತಿದ್ದರು. ಆಕ್ಸಿಲರೇಷನ್ ಎಂದರೇನೆಂದು ಕೇಳಿದರೆ ಮಗು ಸೂತ್ರ ಬರೆಯುತ್ತದೆ. 'ವೇಗ ಬದಲಾಗುವ ವೇಗ' ಎಂದು ಒಮ್ಮೆ ಅದರ ಬಾಯಿಂದ ಬಂದರೆ, ವೃತ್ತದಲ್ಲಿ ಒಂದೇ ಓಟದಲ್ಲಿ ಓಡುವ ಬಸ್ಸಿಗೆ ಆಕ್ಸಿಲರೇಷನ್ ಇದೆಯೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆಗ ಓಟ ಬದಲಾಗದಿದ್ದರೂ ದಿಕ್ಕು ಬದಲಾಗುತ್ತದೆಂಬುದನ್ನು ಗಮನಿಸಲೇಬೇಕಾಗುತ್ತದೆ. ಕರ್ನಾಟಕದ ಪಠ್ಯಗಳು ಜವ ಎಂದೂ ವೇಗ ಎಂದೂ ಎರಡು ಪದಗಳನ್ನು ಬೇರೆಬೇರೆ ಇಟ್ಟಿರುವುದು ಏಕೆಂದೂ ಆಗಲೇ ತಿಳಿಯುವುದು.

ನಿಜವಾದ ತೊಡಕು ಬೇರೆಡೆ ಇದೆ, ಅದನ್ನು ಮುಚ್ಚಿಡಬಾರದು. ನಮ್ಮ ದಿನಬಳಕೆಯ ಕನ್ನಡ ಭೌತಶಾಸ್ತ್ರಕ್ಕೆ ಒಮ್ಮೊಮ್ಮೆ ಅಡ್ಡಗಾಲಿಡುತ್ತದೆ. ಬಲಕ್ಕೂ ಶಕ್ತಿ, ಸಾಮರ್ಥ್ಯಕ್ಕೂ ಶಕ್ತಿ, ದೇವಿಯೂ ಶಕ್ತಿಯೇ. ತೂಕವೂ ದ್ರವ್ಯರಾಶಿಯೂ ಸಂತೆಯ ತಕ್ಕಡಿಯಲ್ಲಿ ಒಂದೇ. ತುಂಬಿದ ಬಕೆಟ್ಟನ್ನು ಅಲುಗಾಡದೆ ಒಂದು ಗಂಟೆ ಹಿಡಿದು ನಿಂತರೆ ಭೌತಶಾಸ್ತ್ರದ ಪ್ರಕಾರ ಬಕೆಟ್ಟಿನ ಮೇಲೆ ಮಾಡಿದ ಕೆಲಸ ಸೊನ್ನೆ. ಈ ಮಾತನ್ನು ಮಗ ಕನ್ನಡದಲ್ಲಿ ಹೇಳಿದರೆ ತಾಯಿ ಜಗಳಕ್ಕೆ ನಿಲ್ಲುತ್ತಾಳೆ. ನಿಲ್ಲಲಿ. ಆ ಜಗಳವೇ ಪಾಠ. ಇಂಗ್ಲಿಷಿನಲ್ಲಿ ಕಲಿತ ಮಗುವಿಗೆ ಅದು ಪುಸ್ತಕದ ಪದವಾಗಿ ಪುಸ್ತಕದಲ್ಲೇ ಉಳಿಯುವುದರಿಂದ ಜಗಳ ಹುಟ್ಟುವುದೇ ಇಲ್ಲ.

ಈ ಹಿಂಜರಿಕೆ ನಮಗೆ ಪರಂಪರೆಯಿಂದ ಬಂದದ್ದೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಮಾಸಪತ್ರಿಕೆ ಆರಂಭಿಸಿದರು. ಅದು ಬಹುಕಾಲ ಬಾಳಲಿಲ್ಲ. ಅದೇ ವೆಂಕಟನಾರಣಪ್ಪನವರು ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟವರು. ನಮ್ಮ ಕೂಟಗಳಲ್ಲಿ ಪಂಪನ ಹೆಸರು ತಿಂಗಳಿಗೊಮ್ಮೆಯಾದರೂ ಬರುತ್ತದೆ. ಪಂಪನನ್ನು ನಮ್ಮ ಕೈಗಿತ್ತವರಲ್ಲಿ ಒಬ್ಬರು ಫಿಸಿಕ್ಸ್ ಮೇಷ್ಟರು ಎಂಬುದು ಬರುವುದಿಲ್ಲ. ಕಾರಂತರ ಕಾದಂಬರಿಗಳ ಮೇಲೆ ಗೋಷ್ಠಿ ನಡೆಸಿದ್ದೇವೆ, ಅವರ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಯಾರೂ ತಂದು ಮೇಜಿನ ಮೇಲಿಡಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆ, ಜಿ.ಟಿ. ನಾರಾಯಣರಾಯರು, ಜೆ.ಆರ್. ಲಕ್ಷ್ಮಣರಾಯರು, 1978ರಲ್ಲಿ ಆರಂಭವಾದ 'ಬಾಲವಿಜ್ಞಾನ', ಅದನ್ನು ಬಹುಕಾಲ ನಡೆಸಿದ ಭೌತಶಾಸ್ತ್ರದ ಅಧ್ಯಾಪಕ ಅಡ್ಯನಡ್ಕ ಕೃಷ್ಣಭಟ್ಟರು: ಇವರೆಲ್ಲ ಸಾಹಿತ್ಯವಲ್ಲವೆಂದು ಯಾವ ಪೀಠ ತೀರ್ಪು ಕೊಟ್ಟಿತೋ ನಮಗೆ ತಿಳಿಯದು. ಕೂಟಗಳಂತೂ ಆ ತೀರ್ಪನ್ನು ಚಾಚೂ ತಪ್ಪದೆ ಪಾಲಿಸುತ್ತಿವೆ.

ನಾವು ಬಾಳುತ್ತಿರುವ ನಾಡಿನ ಭಾಷೆಯನ್ನಾದರೂ ನೋಡಿ ಕಲಿಯಬಹುದಾಗಿತ್ತು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಲ್ಲಿ ಹುಟ್ಟಿದ್ದೇ ವಿಜ್ಞಾನವನ್ನು ಮಲಯಾಳದಲ್ಲಿ ಬರೆಯಬೇಕೆಂಬ ಕೆಲವು ಬರಹಗಾರರ ಹಟದಿಂದ. 'ಶಾಸ್ತ್ರಗತಿ' 1966ರಲ್ಲಿ, ಪ್ರೌಢಶಾಲೆಯ ಮಕ್ಕಳ 'ಶಾಸ್ತ್ರಕೇರಳಂ' 1969ರಲ್ಲಿ, ಇನ್ನೂ ಚಿಕ್ಕವರ 'ಯುರೇಕಾ' 1970ರಲ್ಲಿ ಬಂದವು. ಹೆಸರಿನಲ್ಲೇ ಶಾಸ್ತ್ರದ ಪಕ್ಕ ಸಾಹಿತ್ಯವನ್ನು ಕೂರಿಸಿದ ಸಂಸ್ಥೆ ಅದು. ಇಲ್ಲಿಯೂ ಪ್ಲಸ್ ಟೂ ಭೌತಶಾಸ್ತ್ರದ ಪಠ್ಯ ಇಂಗ್ಲಿಷೇ, ಇಲ್ಲಿಯೂ ಎಂಟ್ರೆನ್ಸ್ ಜ್ವರ ಕಡಿಮೆಯೇನಲ್ಲ. ಆದರೂ ತರಗತಿಯ ನಡುವೆ ಅಧ್ಯಾಪಕರು ಮಲಯಾಳಕ್ಕೆ ಹೊರಳಿದಾಗ ಮಲಯಾಳಿ ಮಗುವಿಗೆ ಒಂದು ಊರುಗೋಲು ಸಿಕ್ಕುತ್ತದೆ. ಕನ್ನಡದ ಮಗುವಿಗೆ ಆ ಊರುಗೋಲು ಮನೆಯಲ್ಲೋ ಕೂಟದಲ್ಲೋ ಸಿಕ್ಕಬೇಕು.

ಕಳಕ್ಕೂಟದ ನಡುವೆ ಹಾಯುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಕೇರಳದ ಉತ್ತರದ ತುದಿಗೆ ಹೋದರೆ ಕಾಸರಗೋಡು. ಅಲ್ಲಿಯ ಮಕ್ಕಳ ಸ್ಥಿತಿ ನಮ್ಮ ಮಕ್ಕಳದಕ್ಕಿಂತ ಕಠಿಣ. ನಮ್ಮ ಮಕ್ಕಳು ಮೊದಲಿನಿಂದ ಇಂಗ್ಲಿಷಿನಲ್ಲಿ ಓದಿದವರು. ಅಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಬಲ, ಜಡತ್ವ, ರೋಧ ಎಂದು ಕಲಿತ ಮಗು ಪ್ಲಸ್ ಒನ್ನಿಗೆ ಕಾಲಿಟ್ಟ ದಿನ ಇಂಗ್ಲಿಷ್ ಪಠ್ಯ ಹಿಡಿಯಬೇಕು. ಅಧ್ಯಾಪಕರು ಕನ್ನಡ ಬಲ್ಲವರಲ್ಲದಿದ್ದರೆ ವಿವರಣೆಯನ್ನು ಮಲಯಾಳದಲ್ಲಿ ಕೇಳಬೇಕು. ಕನ್ನಡ ತಿಳಿಯದವರನ್ನು ಕನ್ನಡ ಮಾಧ್ಯಮದ ಶಾಲೆಗಳಿಗೆ ನೇಮಿಸಿದಾಗಲೆಲ್ಲ ಕಾಸರಗೋಡಿನವರು ಬೀದಿಗಿಳಿದಿದ್ದಾರೆ, ತಿರುವನಂತಪುರದ ಕನ್ನಡಿಗರು ಬೆಂಬಲದ ಮನವಿಗಳಿಗೆ ಸಹಿ ಹಾಕಿದ್ದೇವೆ. ನಾವು ಸಹಿ ಹಾಕಿದ ಮನವಿಗಳಲ್ಲಿ ಹನ್ನೊಂದು ಹನ್ನೆರಡನೆಯ ತರಗತಿಯ ಭೌತಶಾಸ್ತ್ರದ ಕುರಿತು ಒಂದು ಸಾಲೂ ಇರಲಿಲ್ಲ. ಕರ್ನಾಟಕದೊಳಗೂ ಕನ್ನಡ ಮಾಧ್ಯಮದ ಮಗು ಪಿಯುಸಿ ವಿಜ್ಞಾನದಲ್ಲಿ ಇದೇ ಕಂದಕಕ್ಕೆ ಬೀಳುತ್ತದೆ. 2021ರಲ್ಲಿ ಎಐಸಿಟಿಇ ಕನ್ನಡದಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿತು. ಈ ದಡದಲ್ಲಿ ಹತ್ತನೆಯ ತರಗತಿ ಕನ್ನಡ, ಆ ದಡದಲ್ಲಿ ಎಂಜಿನಿಯರಿಂಗ್ ಕನ್ನಡ, ನಡುವಿನ ಎರಡು ವರ್ಷಕ್ಕೆ ಸೇತುವೆಯಿಲ್ಲ. ಸೇತುವೆಯಿಲ್ಲದ ಹೊಳೆಯ ಆಚೆ ಮನೆ ಕಟ್ಟಿ, ಬಾಡಿಗೆಗೆ ಯಾರೂ ಬರುವುದಿಲ್ಲವೆಂದರೆ ಏನು ಹೇಳೋಣ?

ಸರ್ಕಾರಗಳು ಮಾಡಬೇಕಾದ್ದನ್ನು ಸರ್ಕಾರಗಳು ಮಾಡಲಿ. ಕೂಟ ಮಾಡಬಹುದಾದ್ದು ಸಣ್ಣದು, ಮಾಡದಿರಲು ನೆಪವೂ ಇಲ್ಲ. ನಮ್ಮ ನಡುವೆ ಬಾಹ್ಯಾಕಾಶ ಕೇಂದ್ರದಲ್ಲಿ ದುಡಿಯುವವರಿದ್ದಾರೆ, ಕಾಲೇಜುಗಳಲ್ಲಿ ಕಲಿಸಿ ನಿವೃತ್ತರಾದವರಿದ್ದಾರೆ. ಅವರನ್ನು ರಾಜ್ಯೋತ್ಸವದ ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಅವರು ಕನ್ನಡ ತಾಯಿಯ ಮೇಲೆ ಎರಡು ಮಾತಾಡಿ ಕೆಳಗಿಳಿಯುತ್ತಾರೆ. ತಾವು ಜೀವಮಾನವಿಡೀ ಮಾಡಿದ ಕೆಲಸವನ್ನು ಅವರು ಕನ್ನಡದಲ್ಲಿ ಹೇಳಿದ್ದನ್ನು ನಾವು ಕೇಳಿಲ್ಲ, ನಾವು ಕೇಳಿಕೊಂಡೂ ಇಲ್ಲ. ಮಕ್ಕಳಿಗೆ ಸಮಯವಿಲ್ಲವೆಂಬ ತಂದೆತಾಯಿಯರು, ಎರಡು ವರ್ಷದಲ್ಲಿ ತಿಂಗಳಿಗೊಂದು ಗಂಟೆಯೆಂದರೆ ಒಟ್ಟು ಒಂದು ದಿನವೆಂಬ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ನವೆಂಬರ್ 1ರ ಸಮಾರಂಭ ಎಂದಿನಂತೆ ನಡೆಯಲಿ. ಅದೇ ತಿಂಗಳ 21ಕ್ಕೆ ಹತ್ತಿರದ ಭಾನುವಾರ ಪ್ಲಸ್ ಒನ್, ಪ್ಲಸ್ ಟೂ ಮಕ್ಕಳನ್ನೂ ಕನ್ನಡ ಬಲ್ಲ ಒಬ್ಬ ಭೌತಶಾಸ್ತ್ರಜ್ಞರನ್ನೂ ಒಂದೆಡೆ ಕೂರಿಸೋಣ. ಬೇಕಾದ್ದು ಒಂದು ಹೊಲಿಗೆ ಸೂಜಿ, ಒಂದು ಎಳೆ ದಾರ, ಒಂದು ಕಾಂತ. ಮೊದಲು ಸೂಜಿಯನ್ನು ಮಧ್ಯಕ್ಕೆ ಕಟ್ಟಿ, ಸಮವಾಗಿ ನಿಲ್ಲುವವರೆಗೆ ಗಂಟನ್ನು ಆಚೀಚೆ ಸರಿಸಬೇಕು. ಆಮೇಲೆ, ಗಂಟು ಕದಲದಂತೆ, ಕಾಂತದಿಂದ ಒಂದೇ ದಿಕ್ಕಿಗೆ ಇಪ್ಪತ್ತು ಮೂವತ್ತು ಸಲ ಉಜ್ಜಿ ಮತ್ತೆ ತೂಗಬಿಡಬೇಕು. ಕಳಕ್ಕೂಟದಲ್ಲಿ ಅದು ಹೇಗೆ ನಿಲ್ಲುತ್ತದೆಂದು ಮಕ್ಕಳು ಬರೆದಿಡಲಿ. ಬೆಂಗಳೂರಿನ, ದೆಹಲಿಯ, ಮಸ್ಕತ್ತಿನ ಕನ್ನಡ ಕೂಟಗಳ ಮಕ್ಕಳು ಅದೇ ದಿನ ಅದನ್ನೇ ಮಾಡಿ, ಯಾವ ತುದಿ ಎಷ್ಟು ಬಾಗಿತೆಂದು ಕನ್ನಡದಲ್ಲಿ ಬರೆದು ಕಳಿಸಲಿ. ಬಂದ ಬರಹಗಳನ್ನು ಇಲ್ಲಿಯೇ, ಕವಿತೆಗಳ ಪಕ್ಕದಲ್ಲಿ ಪ್ರಕಟಿಸಲು ಸಂಪಾದಕರು ಒಪ್ಪುವರೇ?